ಮೊದಲು 'ಸಾಕು' ಅಂದವರ ಮಾತೇ ಕೊನೆ

ದಡದಿಂದ ದೂರ, ನೀರಿನಡಿಯ ಹವಳದ ದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ. ಗೆಳೆಯರೆಲ್ಲ ಕೈಟ್ ಸರ್ಫಿಂಗ್‌ಗೆ, ಅಂದರೆ ಕೈಟ್ ಅನ್ನುವ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡುವುದಕ್ಕೆ, ಅಲ್ಲಿಗೆ ಹೋಗುತ್ತೇವೆ. ಇವತ್ತು ನಾನು ಹೇಳುವುದು ಒಂದೇ ಮಾತು. ಆ ಗುಂಪಿನಲ್ಲಿ ಯಾರು ಮೊದಲು "ಸಾಕು" ಅನ್ನುತ್ತಾರೋ, ಆಗ ಎಲ್ಲರೂ ವಾಪಸ್ ಹೊರಡಬೇಕು. "ಇನ್ನೊಂದೇ ಅಲೆ" ಅನ್ನುವ ಮಾತು ಬೇಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಗೊತ್ತಾ? ರೀಫ್, ಅಂದರೆ ಈ ಹವಳದ ದಿಬ್ಬದ ಮೇಲಿನ ಅಲೆಯೇ ಬೇರೆ. 14 ಸೆಕೆಂಡಿಗೆ ಒಂದರಂತೆ ಬರುವ ಅಲೆಗಳಿದ್ದರೆ, ಆಳದ ಕಡಲಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 300 ಮೀಟರ್ ಅಂತರ. ಇಳಿಜಾರಾದ ಮರಳಿನ ತೀರದಲ್ಲಿ ಇಂಥ ಅಲೆ ನಿಧಾನಕ್ಕೆ ಕಸುವು ಕಳೆದುಕೊಳ್ಳುತ್ತದೆ. ರೀಫ್‌ನಲ್ಲಿ ಹಾಗಲ್ಲ. ಆಳದಿಂದ ಬಂದದ್ದು ದಿಬ್ಬಕ್ಕೆ ತಾಗಿ ಒಮ್ಮೆಲೇ ಎದ್ದು ನಿಲ್ಲುತ್ತದೆ. ಎರಡು ಮೀಟರ್ ಅಲೆ ಒಡೆಯುವ ಜಾಗದಲ್ಲಿ ನೀರಿನ ಆಳ ಮೂರು ಮೀಟರ್ ಕೂಡ ಇರುವುದಿಲ್ಲ. ಅದರಡಿ ಚೂಪಾದ ಹವಳ. ಮಾರಿಷಸ್‌ನ ಲೆ ಮಾರ್ನ್ ತೀರದ ಎದುರಿನ 'ಒನ್ ಐ' ಅಲೆಗೆ ಇಷ್ಟು ಹೆಸರು ಬಂದಿರುವುದೂ, ಅಷ್ಟೇ ಭಯ ಇರುವುದೂ ಇದೇ ಕಾರಣಕ್ಕೆ.

ಆದರೆ ಆ ಖುಷಿ! ಕೈಗಳಿಂದ ಈಜಿ ಅಲೆ ಹಿಡಿಯಬೇಕಿಲ್ಲ, ಕೈಟ್ ಎಳೆದುಕೊಂಡು ಹೋಗುತ್ತದೆ. ಅಲೆ ಸಿಕ್ಕ ಮೇಲೆ ಲೈನ್, ಅಂದರೆ ಕೈಟ್‌ನ ಹಗ್ಗ, ಸಡಿಲವಾಗುತ್ತದೆ, ಕೈಟ್ ಸುಮ್ನೆ ಮೇಲೆ ತೇಲುತ್ತಿರುತ್ತದೆ. ಆಮೇಲೆ ಓಡಿಸುವುದು ಅಲೆಯೇ. ದಡದ ಕಡೆಯಿಂದ ಓರೆಯಾಗಿ ಬೀಸುವ ಗಾಳಿ ಅಲೆಯ ಮುಖವನ್ನು ನಯವಾಗಿ ಎತ್ತಿ ಹಿಡಿಯುತ್ತದೆ. ನನಗೆ ಇದಕ್ಕಿಂತ ದೊಡ್ಡ ಸುಖ ಕಡಲಲ್ಲಿ ಇನ್ನೊಂದಿಲ್ಲ.

ಅದೇ ಗಾಳಿ ಬಿದ್ದವರನ್ನು ಕಡಲಿನ ಕಡೆಗೆ ಒಯ್ಯುತ್ತದೆ.

ಒಮ್ಮೆ ಒಡೆಯುವ ಅಲೆಯ ಎದುರಿಗೇ ನನ್ನ ಕೈಟ್ ಬಿತ್ತು. ಅಲೆ ಅದನ್ನು ಉರುಳಿಸಿತು, ಲೈನ್‌ಗಳೆಲ್ಲ ಗಂಟಾದವು. ಕೈಟ್‌ನ ಎಳೆತವನ್ನು ತಕ್ಷಣ ಬಿಡಿಸುವ ಕ್ವಿಕ್ ರಿಲೀಸ್ ಒತ್ತಿದೆ, ಎಳೆತ ನಿಂತಿತು. ಬೋರ್ಡ್ ಹೋಯಿತು. ಲೈನ್ ಸುತ್ತಿಕೊಂಡು ಕೈಟ್ ಹತ್ತಿರ ಹೋಗಿ, ಅದನ್ನೇ ಹಾಯಿ ಮಾಡಿಕೊಂಡು ದಡ ಸೇರಬೇಕು ಅಂತ ಎಲ್ಲರೂ ಕಲಿತಿರುತ್ತೇವೆ ಅಲ್ವಾ? ಆದರೆ ಗಾಳಿ ಹೊರಗೆ ಬೀಸುವಾಗ ಆ ಹಾಯಿ ಇನ್ನೂ ದೂರ ಕರೆದುಕೊಂಡು ಹೋಗುತ್ತದೆ. ಪಕ್ಕದ ಚಾನೆಲ್‌ನಲ್ಲಿ, ಅಂದರೆ ಅಲೆ ಒಡೆಯದ ಆಳದ ನೀರಿನ ದಾರಿಯಲ್ಲಿ, ಕಾಯುತ್ತಿದ್ದ ಗೆಳತಿ ನನ್ನನ್ನು ನೋಡಿದಳು, ದೋಣಿಗೆ ಕೈ ಬೀಸಿದಳು. ಆಗ ಅವಳ ಸರದಿಗೆ ಬಂದಿದ್ದ ಒಳ್ಳೆಯ ಅಲೆಯನ್ನು ಅವಳು ಬಿಟ್ಟಿದ್ದಳು ಅಂತ ನನಗೆ ಗೊತ್ತಾಗಿದ್ದು ಸಂಜೆ.

ಅವತ್ತಿನಿಂದ ನಮ್ಮ ಗುಂಪಿನಲ್ಲಿ ಒಬ್ಬರು ಅಲೆಯ ಮೇಲಿದ್ದರೆ, ಒಬ್ಬರು ಚಾನೆಲ್‌ನಿಂದ ನೋಡುತ್ತಿರಬೇಕು. ದೋಣಿ ಇಲ್ಲದೆ ಹೋಗುವುದಿಲ್ಲ. ಆದರೆ ಇದು ಮಾತ್ರ ಸಾಲದು. ಸುಸ್ತಾದವರು ಬಾಯಿ ಬಿಡುವುದಿಲ್ಲ. ತನ್ನಿಂದ ಎಲ್ಲರ ದಿನ ಹಾಳಾಗುತ್ತದೆ ಅನ್ನುವ ಸಂಕೋಚ. ತೋಳು ಸೋತಿರುತ್ತದೆ, ಗಾಳಿ ಕಡಿಮೆಯಾಗುತ್ತಿರುತ್ತದೆ, ಆದರೂ ನಗುತ್ತಾ ಇನ್ನೊಂದು ಅಲೆಗೆ ಹೋಗುತ್ತಾರೆ. ಗಾಳಿ 10 ನಾಟ್‌ಗಿಂತ (ಗಂಟೆಗೆ ಸುಮಾರು 18 ಕಿ.ಮೀ.) ಕೆಳಗಿಳಿದಾಗ ನೀರಿಗೆ ಬಿದ್ದ ಚಿಕ್ಕ ಕೈಟ್ ಮತ್ತೆ ಏಳುವುದು ಬಹಳ ಕಷ್ಟ. ಆ ಸಂಕೋಚವನ್ನು ತೆಗೆಯುವುದಕ್ಕೇ ಈ ನಿಯಮ.

"ಹೊಸಬರು ಅರ್ಧ ಗಂಟೆಗೇ ಸಾಕು ಅಂದರೆ?" ಅಂತ ಕೇಳುತ್ತಾರೆ. ಹೊರಡಬೇಕು, ಅಷ್ಟೇ. ಅಲ್ಲಿ ಅವರ ತಪ್ಪಿಲ್ಲ. ಅಂಥ ದೊಡ್ಡ ಅಲೆಯ ದಿನ ಅವರನ್ನು ಕರೆದುಕೊಂಡು ಹೋದ ನಮ್ಮ ಲೆಕ್ಕ ತಪ್ಪು.

ಅಲೆಯ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಅಂಗೈಯಿಂದ ತಲೆ ತಟ್ಟಿಕೊಂಡರೆ ಕೈಟ್ ಇಳಿಸಬೇಕು ಅಂತ ಅರ್ಥ. ಅದೇ ನಮ್ಮ "ಸಾಕು". ಹೊರಡುವ ಮುಂಚೆ ದಡದಲ್ಲೇ ಎಲ್ಲರೂ ಒಮ್ಮೆ ತಟ್ಟಿಕೊಂಡು ತೋರಿಸಿ. ಎಲ್ಲರಿಗಿಂತ ಚೆನ್ನಾಗಿ ಆಡುವವರು ಮೊದಲು ತೋರಿಸಲಿ.