ಚಮಚ ಬೀಳಿಸುವ ಮಾಣಿ

ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ, ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿ ಸೊಂಟದ ಮೇಲೆ ಮಗು ಕೂರಿಸಿಕೊಂಡವರಿಗೆ ನನ್ನದು ಒಂದೇ ಮಾತು. ಮಗು ಸಾಮಾನು ಬೀಳಿಸಿದರೆ ಬೈಬೇಡಿ. ಅದು ಪರೀಕ್ಷೆ ಮಾಡುತ್ತಿದೆ.

ಅಡಿಕೆ ಸುಲಿಯುವ ಹೊತ್ತಿಗೆ ಶಿರಸಿ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಜಗುಲಿಯಲ್ಲಿ ಅವಳ ಮೊಮ್ಮಗ, ಒಂಬತ್ತು ತಿಂಗಳ ಮಾಣಿ. ನನಗೆ ಸುಮ್ನೆ ಕೂತು ಅಭ್ಯಾಸ ಇಲ್ಲ. ಎರಡು ಗೆರಟೆ ಕವುಚಿ, ಅವನ ಬೆಳ್ಳಿ ಗಿಲಕಿಯನ್ನು ಬಲಗಡೆಯದರ ಕೆಳಗೆ ಮುಚ್ಚಿಟ್ಟೆ. ತೆಗೆದ. ಮತ್ತೆ ಅಲ್ಲೇ ಇಟ್ಟೆ, ಮತ್ತೆ ತೆಗೆದ. ನಾಲ್ಕನೇ ಸಲ ಅವನ ಕಣ್ಣೆದುರೇ ಎಡಗಡೆ ಗೆರಟೆಯ ಕೆಳಗೆ ಇಟ್ಟರೆ, ಮಾಣಿ ಹೋಗಿ ಎತ್ತಿದ್ದು ಬಲಗಡೆಯದನ್ನೇ! ಸುಲಿಯಲು ಕೂತವರೆಲ್ಲ ನಕ್ಕರು, ಪೆದ್ದು ಅಂದರು. ಪೆದ್ದಲ್ಲ ಮಾರಾಯರೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಸ್ವಂತ ಮಕ್ಕಳಲ್ಲೇ ಇದನ್ನು ನೋಡಿ ಬರೆದಿದ್ದಾರೆ. ವರ್ಷ ತುಂಬುವ ಹೊತ್ತಿಗೆ ಸರಿಹೋಗುತ್ತದೆ.

ಅಷ್ಟರಲ್ಲಿ ಮಾಣಿಗೆ ಗೆರಟೆ ಬೇಜಾರಾಗಿ ಸ್ಟೀಲ್ ಚಮಚ ಸಿಕ್ಕಿತು. ಜಗುಲಿಯಿಂದ ಅಂಗಳಕ್ಕೆ ಬಿಟ್ಟ. ಠಣ್! ಅಕ್ಕ ಎತ್ತಿ, ಸೆರಗಲ್ಲಿ ಒರೆಸಿ ಕೊಟ್ಟಳು. ಮತ್ತೆ ಠಣ್. ನಾನು ಎಣಿಸಿದೆ, ಹದಿಮೂರು ಸಲ. ನಡುವೆ ಒಮ್ಮೆ ಕೈವಸ್ತ್ರ ಬಿಟ್ಟ. ಸದ್ದಿಲ್ಲ. ಕತ್ತು ಬಗ್ಗಿಸಿ ಕೆಳಗೆ ನೋಡಿದ, ಕಿವಿಗೊಟ್ಟ ಹಾಗೆ ಒಂದು ಗಳಿಗೆ ಕೂತ, ಆಮೇಲೆ ಚಮಚಕ್ಕೆ ಕೈ ಚಾಚಿದ. ಯಾವುದು ಬಿದ್ದರೆ ಸದ್ದು, ಯಾವುದಕ್ಕಿಲ್ಲ ಅಂತ ನೋಡುತ್ತಿದ್ದಾನೆ, ಅಲ್ವಾ? ಅಕ್ಕನಿಗೆ ಸಾಕಾಯಿತು. ತುಂಟಾಟ ಜಾಸ್ತಿ ಆಯ್ತು ಅಂತ ಚಮಚ ಕಸಿದು ಕೈಗೆ ಮೊಬೈಲ್ ಕೊಟ್ಟಳು. ನನಗೆ ಸಿಟ್ಟು ಬಂದದ್ದು ಆಗಲೇ.

ಯಾಕೆ ಹೇಳಿ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 11 ತಿಂಗಳ ಮಕ್ಕಳಿಗೆ ಒಂದು ಕಣ್ಕಟ್ಟು ತೋರಿಸಿದರು. ಕೆಲವರಿಗೆ ಆಟಿಕೆ ಕಾರು ಗೋಡೆಯೊಳಗಿಂದಲೇ ತೂರಿ ಬಂದ ಹಾಗೆ, ಕೆಲವರಿಗೆ ಅಂಚು ದಾಟಿದರೂ ಬೀಳದೆ ಗಾಳಿಯಲ್ಲೇ ನಿಂತ ಹಾಗೆ. ಆಮೇಲೆ ಕಾರು ಕೈಗೆ ಕೊಟ್ಟರು. ಗೋಡೆ ದಾಟಿದ್ದನ್ನು ಕಂಡ ಮಕ್ಕಳು ಅದನ್ನು ಕುಟ್ಟಿ ನೋಡಿದವು, ಬೀಳದೆ ನಿಂತದ್ದನ್ನು ಕಂಡವು ಕೆಳಗೆ ಬೀಳಿಸಿ ನೋಡಿದವು. ಮಾತು ಬಾರದ ಮಕ್ಕಳು!

ಇನ್ನು ಮೂರು-ನಾಲ್ಕು ವರ್ಷದ ಮಕ್ಕಳ ವಿಷಯ, ಯಾವ ತುಂಡು ಇಟ್ಟರೆ ಪೆಟ್ಟಿಗೆ ಬೆಳಗಿ ಹಾಡುತ್ತದೆ ಅಂತ ಅವು ಕಂಡುಹಿಡಿಯುವುದನ್ನು ತೋರಿಸಿದ ಮನಃಶಾಸ್ತ್ರಜ್ಞೆ ಆಲಿಸನ್ ಗೋಪ್ನಿಕ್ ಅವರ ಬಗ್ಗೆ ಹೇಳಬೇಕಿತ್ತು, ಆದರೆ ಸ್ಟುಡಿಯೋದ ಗಾಜಿನ ಆಚೆಯಿಂದ ಹೊತ್ತಾಯಿತು ಅಂತ ಕೈ ಮಾಡುತ್ತಿದ್ದಾರೆ. ಮಾಣಿಯ ಕತೆಯೇ ಉದ್ದ ಆಯಿತು. ಇರಲಿ. ಬೀಳಿಸಲಿ ಬಿಡಿ, ಎತ್ತಿ ಕೊಡಿ. ಗಾಜಿನ ಲೋಟ ಮಾತ್ರ ಬೇಡ. ನಮಸ್ಕಾರ.