ಟಿವಿ ಕೈಬಿಟ್ಟ ಕಥೆ ಕಾಮಿಕ್ಸ್‌ನಲ್ಲಿ ಮುಂದುವರಿದರೆ ಅದು ಲೆಕ್ಕಕ್ಕೆ ಬರುತ್ತದೆಯೇ?

[ತೆರೆಯ ಮೇಲೆ: ಹಳೆಯ ಕಾಮಿಕ್ಸ್ ಪುಟ. ಬೆನ್ನ ಹಿಂದೆ ಬೆಂಕಿ ಕಾರುತ್ತಿರುವ ಅಂತರಿಕ್ಷ ನೌಕೆ]

ಈ ನೌಕೆಯನ್ನು ಸರಿಯಾಗಿ ನೋಡಿ. ಇದು ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟಿವಿ ಸರಣಿಯ ನೌಕೆ, ಎಂಟರ್‌ಪ್ರೈಸ್. ಹಿಂದಿನ ಎರಡು ಉದ್ದನೆಯ ಎಂಜಿನ್‌ಗಳಿಂದ ಧಗಧಗನೆ ಬೆಂಕಿ ಹೊಮ್ಮುತ್ತಿದೆ. ಟಿವಿಯಲ್ಲಿ ಈ ನೌಕೆಗೆ ಬೆಂಕಿ ಉಗುಳುವ ಅಭ್ಯಾಸವೇ ಇಲ್ಲ. ಹಾಗಾದರೆ ಇದನ್ನು ಚಿತ್ರಿಸಿದವರು ಯಾವ ಸ್ಟಾರ್ ಟ್ರೆಕ್ ನೋಡಿದ್ದರು?

ಯಾವುದನ್ನೂ ನೋಡಿರಲಿಲ್ಲ. ಆ ಕಥೆಗೆ ಈಗಲೇ ಬರುತ್ತೇನೆ.

ಮೊದಲು ಪ್ರಶ್ನೆ. ಹಿಂದಿನ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: ವಿಜ್ಞಾನ ಕಥೆಯ ಟಿವಿ ಸರಣಿಯೊಂದು ನಿಂತುಹೋದ ಮೇಲೆ ಅದೇ ಪಾತ್ರಗಳು ಕಾಮಿಕ್ಸ್‌ನಲ್ಲಿ ಬದುಕು ಮುಂದುವರಿಸುತ್ತವಲ್ಲ, ಅಲ್ಲಿ ನಡೆದದ್ದನ್ನು 'ನಡೆದದ್ದು' ಎಂದೇ ನಂಬಬೇಕೆ? ಸತ್ತವರು ಸತ್ತಂತೆಯೇ? ಬದುಕಿ ಬಂದವರು ಬದುಕಿದಂತೆಯೇ?

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಸರಣಿಯ ಮಾಲೀಕರು ಪ್ರಕಾಶಕರಿಗೆ ಪರವಾನಗಿ ಮಾರುತ್ತಾರೆ. ಪ್ರಕಾಶಕರು ಕಥೆಗಾರರನ್ನೂ ಚಿತ್ರಕಾರರನ್ನೂ ನೇಮಿಸುತ್ತಾರೆ. ಕಾಗದದ ಮೇಲೆ ಸೆಟ್ಟಿನ ಖರ್ಚಿಲ್ಲ, ನಟರಿಗೆ ವಯಸ್ಸಾಗುವುದಿಲ್ಲ, ಹತ್ತು ಗ್ರಹ ಸ್ಫೋಟಿಸಿದರೂ ಶಾಯಿ ಮಾತ್ರ ಖರ್ಚು. ಅಷ್ಟೇ. ಈಗ ಬೆಂಕಿಗೆ ಬರೋಣ.

1966ರಲ್ಲಿ ಸ್ಟಾರ್ ಟ್ರೆಕ್ ಶುರುವಾಯಿತು. ಮರುವರ್ಷವೇ ಅಮೆರಿಕದ ಗೋಲ್ಡ್ ಕೀ ಸಂಸ್ಥೆ ಅದರ ಕಾಮಿಕ್ಸ್ ಹೊರತಂದಿತು. ಚಿತ್ರ ಬರೆದವರು ಇಟಲಿಯ ಕಲಾವಿದರು. ಅವರಲ್ಲಿ ಮುಖ್ಯರಾದ ಆಲ್ಬರ್ಟೋ ಜೋಲಿಟ್ಟಿಯವರ ಸ್ಟುಡಿಯೋ ಇದ್ದದ್ದು ರೋಮ್‌ನಲ್ಲಿ. ಅವರು ಸರಣಿಯ ಒಂದು ಕಂತನ್ನೂ ನೋಡಿರಲಿಲ್ಲ. ಕೈಯಲ್ಲಿದ್ದದ್ದು ಪ್ರಚಾರಕ್ಕಾಗಿ ತೆಗೆದ ಕೆಲವು ಫೋಟೋಗಳು ಮಾತ್ರ.

ಇದು ಹೇಗೆಂದರೆ, ನೀವು ಹೋಗದ ಮದುವೆಯೊಂದರ ಆಲ್ಬಮ್ಮನ್ನು ಕೈಗಿಟ್ಟು 'ಮದುವೆ ಹೇಗೆ ನಡೆಯಿತು, ಬರೆದುಕೊಡಿ' ಎಂದಂತೆ. ವರ ಯಾರು, ವಧು ಯಾರು ಎಂಬುದು ಗೊತ್ತಾಗುತ್ತದೆ. ಮೂಲೆಯಲ್ಲಿ ಕೈಕಟ್ಟಿ ನಿಂತವರು ಮಾವನೋ ಅಡುಗೆಯವರೋ ತಿಳಿಯದು. ಫೋಟೋಗೆ ಬಾರದವರಂತೂ ನಿಮ್ಮ ಪಾಲಿಗೆ ಹುಟ್ಟಿಯೇ ಇಲ್ಲ. ಎಂಜಿನಿಯರ್ ಸ್ಕಾಟಿಗೆ ಆದದ್ದು ಅದೇ. ಅವರ ಫೋಟೋ ಇರಲಿಲ್ಲವಾಗಿ, ಆರಂಭದ ಸಂಚಿಕೆಗಳಲ್ಲಿ ಆ ಹೆಸರು ಹೊತ್ತು ಓಡಾಡುವವನು ಯಾರೋ ಅಪರಿಚಿತ. ಇನ್ನು ನಿಂತ ಫೋಟೋದಲ್ಲಿ ನೌಕೆ ಹೇಗೆ ಚಲಿಸುತ್ತದೆ ಎಂಬುದು ಕಾಣುವುದಿಲ್ಲ. ಅಂತರಿಕ್ಷ ನೌಕೆ ಎಂದ ಮೇಲೆ ಹಿಂದೆ ಬೆಂಕಿ ಇರಲೇಬೇಕಲ್ಲ ಎಂದು ಊಹಿಸಿ, ಹಚ್ಚಿಯೇಬಿಟ್ಟರು!

[ತೆರೆಯ ಮೇಲೆ: ಮೊದಲ ಸಂಚಿಕೆಯ ಮುಖಪುಟ]

ಬೆಂಕಿಯನ್ನಾದರೂ ಕ್ಷಮಿಸಬಹುದು. ಮೊದಲ ಸಂಚಿಕೆಯ ಕೊನೆಯನ್ನು ಕೇಳಿ. ಮಾಂಸಾಹಾರಿ ಸಸ್ಯಗಳೇ ತುಂಬಿದ ಒಂದು ಗ್ರಹ. ನೌಕೆಯ ವಿಜ್ಞಾನಾಧಿಕಾರಿ ಸ್ಪಾಕ್ ಟಿವಿಯವರಾಗಿದ್ದರೆ ಹುಬ್ಬೇರಿಸಿ 'ಕುತೂಹಲಕರ' ಎನ್ನುತ್ತಿದ್ದರೇನೋ. ಕಾಮಿಕ್ಸ್‌ನ ಸ್ಪಾಕ್ ಮೇಲಿನಿಂದ ಕಿರಣ ಹಾಯಿಸಿ ಅಲ್ಲಿನ ಸಸ್ಯಗಳನ್ನೆಲ್ಲ ಸುಟ್ಟುಹಾಕುತ್ತಾನೆ. ಅನ್ಯಲೋಕದ ಜೀವಿಗಳ ವಿಷಯದಲ್ಲಿ ಮೂಗು ತೂರಿಸಬಾರದು ಎಂದು ಪಾಠ ಹೇಳಿದ ಸರಣಿಯ ಕಾಮಿಕ್ಸ್ ಇದು.

ನಗುವ ಮೊದಲು ಇನ್ನೊಂದು ಲೆಕ್ಕ ನೋಡಿ. ಟಿವಿ ಸರಣಿ 79 ಕಂತು ಮುಗಿಸಿ 1969ರಲ್ಲಿ ನಿಂತಿತು. ಈ ಕಾಮಿಕ್ಸ್ 61 ಸಂಚಿಕೆಗಳವರೆಗೆ, 1979ರ ತನಕ ನಡೆಯಿತು. ಆ ಹತ್ತು ವರ್ಷಗಳಲ್ಲಿ ಹೊಸ ಸ್ಟಾರ್ ಟ್ರೆಕ್ ಬೇಕೆಂದವರಿಗೆ ಅಲ್ಪಾಯುಷಿ ಅನಿಮೇಷನ್ ಸರಣಿ ಮತ್ತು ಕೆಲವು ಕಾದಂಬರಿಗಳನ್ನು ಬಿಟ್ಟರೆ ಈ ಬೆಂಕಿ ಕಾರುವ ನೌಕೆಯೇ ಆಧಾರ. ಬ್ರಿಟನ್ನಿನಲ್ಲಂತೂ ಎಲ್ಲವೂ ತಿರುವುಮುರುವು: ಅಲ್ಲಿ ಸರಣಿ ಟಿವಿಗೆ ಬರುವ ಮೊದಲೇ, 1969ರ ಜನವರಿಯಲ್ಲಿ, ಕಾಮಿಕ್ಸ್ ಬಂದಿತ್ತು. ಅದರ ಶುರುವಿನ ಕಂತುಗಳಲ್ಲಿ ಕ್ಯಾಪ್ಟನ್ ಹೆಸರು ಕರ್ಕ್ ಅಲ್ಲ, ಕರ್ಟ್!

ಸರಿ, ಲೆಕ್ಕಕ್ಕೆ ಬರುತ್ತದೆಯೇ? ನನ್ನ ಉತ್ತರ ಇದು: ಟಿವಿಗೆ ಮತ್ತೆ ಆಸೆ ಹುಟ್ಟುವವರೆಗೆ ಬರುತ್ತದೆ.

ದಿ ಎಕ್ಸ್-ಫೈಲ್ಸ್ ಸರಣಿ 2002ರಲ್ಲಿ ಮುಗಿಯಿತು. 2013ರಲ್ಲಿ ಐಡಿಡಬ್ಲ್ಯು ಪ್ರಕಾಶನ 'ಹತ್ತನೆಯ ಸೀಸನ್' ಎಂದೇ ಹೆಸರಿಟ್ಟು ಕಾಮಿಕ್ಸ್ ಆರಂಭಿಸಿತು. ಸರಣಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಅವರ ಹೆಸರೂ ಅದರ ಮೇಲಿತ್ತು. ಟಿವಿಯಲ್ಲಿ ಸತ್ತಿದ್ದ, ಪಿತೂರಿಗಳ ಬೆನ್ನುಹತ್ತುವ ಲೋನ್ ಗನ್‌ಮೆನ್ ಎಂಬ ಮೂವರು ಗೆಳೆಯರು ಸಾವಿನ ನಾಟಕವಾಡಿದ್ದರಷ್ಟೇ ಎಂದು ಅಲ್ಲಿ ಎದ್ದು ಬಂದರು. ಅಭಿಮಾನಿಗಳಿಗೆ ಹಬ್ಬ. ಆದರೆ 2016ರಲ್ಲಿ ಟಿವಿ ಸರಣಿಯೇ ಮರಳಿತು, ಅದೂ ಹತ್ತನೆಯ ಸೀಸನ್ ಎಂದೇ. 2018ರಲ್ಲಿ ಸರಣಿಯ ಮುಖ್ಯ ಪಾತ್ರಗಳಾದ ಮಲ್ಡರ್ ಮತ್ತು ಸ್ಕಲ್ಲಿ ಆ ಮೂವರ ಸಮಾಧಿಯ ಮುಂದೆ ನಿಂತರು. ಪರವಾನಗಿ ಇತ್ತು, ಸೃಷ್ಟಿಕರ್ತರ ಹೆಸರಿತ್ತು, ಸೀಸನ್ ಸಂಖ್ಯೆಯೂ ಇತ್ತು. ಯಾವುದೂ ಕಾಯಲಿಲ್ಲ.

ಇದನ್ನು ಮೊದಲೇ ಊಹಿಸಿದ್ದರೋ ಎಂಬಂತೆ ನಡೆದುಕೊಂಡವರು ಡಾಕ್ಟರ್ ಹೂ ಮ್ಯಾಗಜಿನ್‌ನವರು. ಡಾಕ್ಟರ್ ಹೂ ಬ್ರಿಟನ್ನಿನ ಟಿವಿ ಸರಣಿ; ಅದರ ನಾಯಕ ಡಾಕ್ಟರ್ ಸಾಯುವ ಹೊತ್ತಿಗೆ ಹೊಸ ಮೈ, ಹೊಸ ಮುಖದವನಾಗಿ ಬದಲಾಗುತ್ತಾನೆ. 1996ರಲ್ಲಿ ಒಂದೇ ಒಂದು ಟಿವಿ ಚಿತ್ರದಲ್ಲಿ ಕಾಣಿಸಿದ ಎಂಟನೆಯ ಡಾಕ್ಟರನ್ನು ಅವರು ಕಾಮಿಕ್ಸ್‌ನಲ್ಲಿ 2005ರವರೆಗೆ ಸಾಕಿದರು. ನಿಂತುಹೋಗಿದ್ದ ಸರಣಿ ಟಿವಿಗೆ ಮರಳುವಾಗ ಅದರ ಹೊಸ ಸಾರಥಿ ರಸೆಲ್ ಟಿ ಡೇವಿಸ್, ಎಂಟನೆಯವನು ಒಂಬತ್ತನೆಯವನಾಗಿ ಬದಲಾಗುವ ಕ್ಷಣವನ್ನು ಕಾಮಿಕ್ಸ್‌ನಲ್ಲೇ ತೋರಿಸಲು ಅವಕಾಶ ಕೊಟ್ಟರು. ಆದರೆ ಹೊಸ ಡಾಕ್ಟರ್ ಜೊತೆ ತಮ್ಮ ಕಥೆಯ ಸಂಗಾತಿಯನ್ನು ಮುಂದುವರಿಸುವಂತಿಲ್ಲ ಎಂದಾದಾಗ ಅವರು ಆ ಅವಕಾಶವನ್ನೇ ಬಿಟ್ಟರು. ಡಾಕ್ಟರ್ ಬದಲಾಗದೆ ಮುಂದಿನ ಸಾಹಸಕ್ಕೆ ಹೊರಟುಹೋದ. ಬಿಟ್ಟದ್ದೇ ಒಳ್ಳೆಯದಾಯಿತು. 2013ರಲ್ಲಿ ಬಂದ ಕಿರು ಕಂತೊಂದರಲ್ಲಿ ಎಂಟನೆಯವನು ಒಂಬತ್ತನೆಯವನಾಗುವುದೇ ಇಲ್ಲ. ನಡುವೆ ಬೇರೊಬ್ಬ ಡಾಕ್ಟರ್ ಬಂದು ಕೂತ!

ಕೆಲವೊಮ್ಮೆ ಗಾಳಿ ಆಚೆಯಿಂದಲೂ ಬೀಸುತ್ತದೆ. 1980ರ ಡಾಕ್ಟರ್ ಹೂ ಕಾಮಿಕ್ಸ್‌ನಲ್ಲಿ ಪ್ಯಾಟ್ ಮಿಲ್ಸ್ ಮತ್ತು ಡೇವ್ ಗಿಬ್ಬನ್ಸ್ ಮೀಪ್ ಎಂಬ ಮುದ್ದು ಜೀವಿಯನ್ನು ಸೃಷ್ಟಿಸಿದರು. ದೊಡ್ಡ ಕಣ್ಣು, ಮೈತುಂಬ ತುಪ್ಪಳ. ಎತ್ತಿಕೊಳ್ಳಬೇಕು ಎನಿಸುವಂಥದ್ದು. ಅದನ್ನು ಬೆನ್ನಟ್ಟುವ ಹುಳುಮೋರೆಯ ಭಯಂಕರ ಸೈನಿಕರೇ ಪೊಲೀಸರು, ಮುದ್ದು ಮೀಪ್ ನಕ್ಷತ್ರಲೋಕಗಳನ್ನು ನಡುಗಿಸಿದ ಸರ್ವಾಧಿಕಾರಿ ಎಂದು ಆಮೇಲೆ ತಿಳಿಯುತ್ತದೆ. 2023ರ ನವೆಂಬರ್‌ನಲ್ಲಿ ಈ ಕಥೆ ಟಿವಿಗೇ ಬಂತು, ಇಬ್ಬರ ಹೆಸರಿನೊಂದಿಗೆ. 43 ವರ್ಷ ಲೆಕ್ಕದ ಹೊರಗಿದ್ದ ಪ್ರಾಣಿ ಒಂದೇ ರಾತ್ರಿಯಲ್ಲಿ ಅಧಿಕೃತವಾಯಿತು.

ಸಮಯ ಮೀರುತ್ತಿದೆ, ಉಳಿದವರನ್ನು ಒಟ್ಟಿಗೇ ಹತ್ತಿಸಿಕೊಳ್ಳುತ್ತೇನೆ. ಫೈರ್‌ಫ್ಲೈ 2002ರಲ್ಲಿ ಅರ್ಧಕ್ಕೇ ನಿಂತರೂ 2005ರಿಂದ ಕಾಮಿಕ್ಸ್‌ನಲ್ಲಿ ಹಾರಿತು. ದಿ ಪ್ರಿಸನರ್ ಸರಣಿಯ ಕಥೆಯನ್ನು ಸುಮಾರು ಇಪ್ಪತ್ತು ವರ್ಷಗಳ ನಂತರ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಡಿಸಿ ಮುಂದುವರಿಸಿತು. ಇನ್ನು ಲಾಸ್ಟ್ ಇನ್ ಸ್ಪೇಸ್: 1968ರಲ್ಲಿ ನಿಂತಾಗ ಅದರ ರಾಬಿನ್ಸನ್ ಕುಟುಂಬ ಇನ್ನೂ ಅಂತರಿಕ್ಷದಲ್ಲಿ ದಾರಿ ತಪ್ಪಿಯೇ ಇತ್ತು. ಬಾಲಕ ವಿಲ್ ಆಗಿ ನಟಿಸಿದ್ದ ಬಿಲ್ ಮೂಮಿ ದೊಡ್ಡವರಾದ ಮೇಲೆ, 1990ರ ದಶಕದಲ್ಲಿ, ತಾವೇ ಕಾಮಿಕ್ಸ್ ಬರೆದು ಅವರಿಗೆ ದಾರಿ ತೋರಿಸಲು ಹೊರಟರು. ಕಥೆ ಮುಗಿಯುವ ಮೊದಲೇ ಪ್ರಕಾಶನ ನಿಂತಿತು. ಮೂಮಿ ಬಿಡಲಿಲ್ಲ, ವರ್ಷಗಳ ನಂತರ ಅದನ್ನು ಪೂರ್ತಿಗೊಳಿಸಿ ಪುಸ್ತಕವಾಗಿ ತಂದರು. ಇದು ಅಧಿಕೃತವೇ ಎಂದು ಕೇಳುವವರು, ವಿಲ್ ರಾಬಿನ್ಸನ್‌ಗಿಂತ ಹೆಚ್ಚು ಅಧಿಕಾರವಿರುವ ಒಬ್ಬರನ್ನು ನನಗೆ ತೋರಿಸಲಿ.