ಚೇಳಿನಿಂದ ತೊಗರಿಯ ನುಸಿಯವರೆಗೆ: ಆರು ಜೋಡಿ ಅಂಗಗಳ ಲೆಕ್ಕ

ಈಗ ಪರದೆಯ ತುಂಬ ಕಾಣುತ್ತಿರುವುದು ಒಂದು ಚೇಳಿನ ಹೊಟ್ಟೆ. ಕೊಂಡಿ ಎತ್ತಿ ನಿಂತ ಚೇಳನ್ನು ಮೇಲಿನಿಂದ ನಾವೆಲ್ಲ ನೋಡಿದ್ದೇವೆ, ಕೆಳಗಿನಿಂದ ನೋಡಿದವರು ಕಡಿಮೆ. ಅದನ್ನು ಗಾಜಿನ ಡಬ್ಬಿಯೊಳಗೆ ಬಿಟ್ಟು ತಳದಿಂದ ಚಿತ್ರೀಕರಿಸಿದ್ದೇನೆ. ಸಿಕ್ಕಿದ್ದು ಶಹಾಬಾದ್ ಹತ್ತಿರದ ತೊಗರಿ ಹೊಲದ ಬದುವಿನಲ್ಲಿ, ಒಡೆದ ಫರ್ಸಿ ಕಲ್ಲುಗಳ ರಾಶಿಯ ಅಡಿಯಲ್ಲಿ. ಕಲಬುರಗಿ ಕಡೆ ಈ ಸುಣ್ಣಕಲ್ಲಿನ ಚಪ್ಪಡಿಯನ್ನು ನೆಲಕ್ಕೆ ಹಾಸುತ್ತಾರೆ, ಗೋಡೆಗೂ ಬಳಸುತ್ತಾರೆ, ಒಡೆದದ್ದನ್ನು ಬದುವಿಗೆ ಎಸೆಯುತ್ತಾರೆ. ಪದರ ಪದರವಾಗಿ ಬಿದ್ದಿರುವ ಆ ಕಲ್ಲುಗಳ ನಡುವೆ ಏಪ್ರಿಲ್ ಬಿಸಿಲಿನಲ್ಲೂ ಅಷ್ಟಿಷ್ಟು ತಂಪು ಉಳಿಯುತ್ತದೆ. ಚೇಳು ಹಗಲಿಡೀ ಅಲ್ಲೇ ಇರುತ್ತದೆ.

ಕೊನೆಯ ಜೋಡಿ ಕಾಲುಗಳ ಬುಡದ ಹಿಂದೆ ಎರಡು ಬಾಚಣಿಗೆಗಳು ಕಾಣುತ್ತಿವೆ, ಗಮನಿಸಿ. ಹಲ್ಲುಗಳು ಸಾಲಾಗಿ ಜೋಡಿಸಿಕೊಂಡಿವೆ. ನಡೆಯುವಾಗ ಚೇಳು ಇವನ್ನು ನೆಲಕ್ಕೆ ತಾಗಿಸುತ್ತ ಹೋಗುತ್ತದೆ, ನೆಲದ ಮೇಲಿನ ರಾಸಾಯನಿಕ ಸುಳಿವುಗಳನ್ನು ಇವುಗಳಿಂದಲೇ ಗ್ರಹಿಸುತ್ತದೆ. ಇಂಥ ಅಂಗ ಚೇಳಿಗೆ ಬಿಟ್ಟರೆ ಬದುಕಿರುವ ಬೇರಾವ ಪ್ರಾಣಿಗೂ ಇಲ್ಲ. ಇನ್ನೂ ಸ್ವಲ್ಪ ಹಿಂದಕ್ಕೆ ಬಂದರೆ ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ಸೀಳುಗಳಿವೆ. ಉಸಿರು ಹೋಗುವುದು ಅಲ್ಲಿಂದ. ಸೀಳಿನ ಒಳಗೆ ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ, ಅದಕ್ಕೇ ಅವುಗಳಿಗೆ ಪುಸ್ತಕ ಶ್ವಾಸಕೋಶ ಎಂಬ ಹೆಸರು. ಚೇಳಿಗೆ ನಾಲ್ಕು ಜೋಡಿ. ನೆಲದೊಳಗೆ ಬಿಲ ತೋಡಿಕೊಂಡಿರುವ ದೊಡ್ಡ ರೋಮದ ಜೇಡಗಳಿಗೆ ಎರಡು ಜೋಡಿ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಸಾಮಾನ್ಯ ಜೇಡಗಳಲ್ಲಿ ಹೆಚ್ಚಿನವಕ್ಕೆ ಒಂದೇ ಜೋಡಿ, ಜೊತೆಗೆ ಉಸಿರುನಾಳಗಳು.

ಜೇಡ, ಚೇಳು, ಉಣ್ಣೆ, ನುಸಿ ಎಲ್ಲವೂ ಒಂದೇ ವರ್ಗದ ಜೀವಿಗಳು. ಆ ವರ್ಗವನ್ನು ಗಣಗಳಾಗಿ ವಿಂಗಡಿಸುತ್ತಾರೆ. ಬದುಕಿರುವ ಗಣಗಳು ಹನ್ನೊಂದು ಎನ್ನುವವರಿದ್ದಾರೆ, ನುಸಿಗಳನ್ನು ಎರಡಾಗಿ ಒಡೆದು ಹನ್ನೆರಡು ಎನ್ನುವವರೂ ಇದ್ದಾರೆ. ಜೇಡಗಳಲ್ಲೇ 50,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಇಷ್ಟೆಲ್ಲ ವೈವಿಧ್ಯದ ಅಡಿಯಲ್ಲಿರುವುದು ಆರು ಜೋಡಿ ಅಂಗಗಳ ಒಂದೇ ನಕ್ಷೆ. ಬಾಯಿಯ ಮುಂದಿನ ಮೊದಲ ಜೋಡಿಗೆ ಕೆಲಿಸೆರಾ ಎನ್ನುತ್ತಾರೆ, ಅದರ ಪಕ್ಕದ ಎರಡನೆಯ ಜೋಡಿಗೆ ಪೆಡಿಪಾಲ್ಪ್. ಉಳಿದ ನಾಲ್ಕು ಜೋಡಿ ಕಾಲುಗಳು. ಕೀಟಗಳಿಗಿರುವ ಕುಡಿಮೀಸೆ ಇವಕ್ಕೆ ಇಲ್ಲ, ರೆಕ್ಕೆಯೂ ಇಲ್ಲ. ಇವತ್ತಿನ ವಿಡಿಯೋ ಉದ್ದಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಈ ಪ್ರಾಣಿಯಲ್ಲಿ ಯಾವ ಜೋಡಿ ಯಾವ ಕೆಲಸ ಮಾಡುತ್ತಿದೆ? ಎಂಟು ಕಾಲು ಎಣಿಸಿದರೆ ತಿಳಿಯುವುದು ಅಲ್ಪ. ಮೊದಲ ಎರಡು ಜೋಡಿಗಳನ್ನು ನೋಡಿದರೆ ಆ ಪ್ರಾಣಿಯ ಬದುಕೇ ತಿಳಿಯುತ್ತದೆ.

ಚೇಳಿನ ಇಕ್ಕಳವನ್ನು ನಾವು ಮುಂಗಾಲು ಎಂದುಕೊಳ್ಳುತ್ತೇವೆ. ಅದು ಎರಡನೆಯ ಜೋಡಿ, ಅಂದರೆ ಪೆಡಿಪಾಲ್ಪ್. ಮೊದಲ ಜೋಡಿ ಬಾಯಿಯ ಹತ್ತಿರ ಚಿಕ್ಕದಾಗಿ ಅಡಗಿಕೊಂಡಿದೆ, ಹಿಡಿದ ಹುಳುವನ್ನು ಚೂರು ಚೂರಾಗಿ ಹರಿಯುವುದು ಅದರ ಕೆಲಸ. ಜೇಡಕ್ಕೆ ಬಂದರೆ ಮೊದಲ ಜೋಡಿಯೇ ವಿಷದ ಹಲ್ಲು. ಎರಡನೆಯ ಜೋಡಿ ಸಣ್ಣ ಕಾಲಿನಂತೆ ಮುಂದೆ ಚಾಚಿರುತ್ತದೆ. ಗಂಡು ಜೇಡದಲ್ಲಿ ಅದರ ತುದಿ ಗುಂಡಗೆ ಉಬ್ಬಿರುತ್ತದೆ, ವೀರ್ಯವನ್ನು ತುಂಬಿಕೊಂಡು ಹೆಣ್ಣಿಗೆ ಮುಟ್ಟಿಸುವುದು ಆ ಉಬ್ಬಿನಿಂದಲೇ. ಬರಿಗಣ್ಣಿಗೆ ಗಂಡು ಹೆಣ್ಣು ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ವಿಷ ಎಲ್ಲಿದೆ ಎಂದು ಹುಡುಕುತ್ತ ಹೋದರೂ ಇದೇ ಸೋಜಿಗ. ಜೇಡದ ವಿಷ ಬಾಯಿಯ ಜೋಡಿಯಲ್ಲಿ. ಚೇಳಿನದು ದೇಹದ ಇನ್ನೊಂದು ತುದಿಯಲ್ಲಿ, ಕೊಂಡಿಯಲ್ಲಿ. ಮಿಥ್ಯಾ ಚೇಳು ಎಂಬ ಮತ್ತೊಂದು ಗಣವಿದೆ. ಅದು ಕೆಲವೇ ಮಿಲಿಮೀಟರ್ ಉದ್ದದ ಜೀವಿ, ಚೇಳಿನಂತೆಯೇ ಇಕ್ಕಳಗಳಿವೆ, ಆದರೆ ಬಾಲವೂ ಇಲ್ಲ ಕೊಂಡಿಯೂ ಇಲ್ಲ. ಅದರಲ್ಲಿ ಹೆಚ್ಚಿನವು ವಿಷವನ್ನು ಇಕ್ಕಳದ ಬೆರಳಿನಲ್ಲೇ ಇಟ್ಟುಕೊಂಡಿವೆ. ನೂಲಿನ ಕಥೆಯೂ ಹೀಗೇ. ಜೇಡ ಹೊಟ್ಟೆಯ ತುದಿಯಿಂದ ನೂಲು ತೆಗೆಯುತ್ತದೆ, ಮಿಥ್ಯಾ ಚೇಳು ಬಾಯಿಯ ಜೋಡಿಯಿಂದ, ಎಲೆಗಳ ಮೇಲೆ ಬಲೆ ಹೆಣೆಯುವ ಕೆಂಪು ನುಸಿ ಪೆಡಿಪಾಲ್ಪಿನಿಂದ. ಮಿಥ್ಯಾ ಚೇಳು ಮನುಷ್ಯರಿಗೆ ಏನೂ ಮಾಡುವುದಿಲ್ಲ. ಹಳೆಯ ಪುಸ್ತಕಗಳ ನಡುವೆ ಓಡಾಡುತ್ತ ಕಾಗದಕ್ಕೆ ಬೀಳುವ ಸಣ್ಣ ಹುಳುಗಳನ್ನು ತಿನ್ನುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕಾದರೆ ನೊಣದ ಕಾಲನ್ನು ಇಕ್ಕಳದಿಂದ ಹಿಡಿದುಕೊಂಡು ಸವಾರಿ ಮಾಡುತ್ತದೆ. ಮರದ ಒಣ ತೊಗಟೆಯನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ, ತಾಳ್ಮೆಯಿದ್ದರೆ ಸಿಗುತ್ತದೆ.

ಈಗ ರಾತ್ರಿಯ ದೃಶ್ಯ. ಕೊಟ್ಟಿಗೆಯ ದೀಪದ ಕೆಳಗೆ ಮರಳಿನ ಬಣ್ಣದ್ದೊಂದು ನುಗ್ಗಿ ಬಂದಿತು. ಹೊಲದ ಕಾಕಾ ನನ್ನ ತೋಳು ಹಿಡಿದು, "ಹಿಂದೆ ಸರಿ ಅವ್ವಾ, ಅದು ಬಹಳ ವಿಷದ್ದು" ಎಂದರು. ಇದು ಒಂಟೆ ಜೇಡ. ಹೆಸರಿನಲ್ಲಿ ಜೇಡ ಇದ್ದರೂ ಜೇಡಗಳ ಗಣಕ್ಕೆ ಸೇರಿದ್ದಲ್ಲ, ಇದರದೇ ಬೇರೆ ಗಣ. ನೂಲಿಲ್ಲ, ವಿಷಗ್ರಂಥಿಯಿಲ್ಲ. ಇದಕ್ಕಿರುವುದು ಮೊದಲ ಜೋಡಿಯ ಬಲ. ವೇಗ ತಗ್ಗಿಸಿದ ಈ ದೃಶ್ಯದಲ್ಲಿ ತಲೆಯನ್ನೇ ನೋಡಿ: ಎರಡು ದಪ್ಪ ಕತ್ತರಿಗಳು ಅಕ್ಕಪಕ್ಕ ಕೂತಿವೆ, ಒಂದೊಂದೂ ಮೇಲೆ ಕೆಳಗೆ ತೆರೆದು ಮುಚ್ಚುತ್ತದೆ. ಎರಡನ್ನೂ ಸರದಿಯಂತೆ ಮುಂದೆ ತಳ್ಳಿ ಹಿಂದೆ ಎಳೆಯುತ್ತ ಜಿರಳೆಯನ್ನು ಅರೆಯುತ್ತಿದೆ. ದೇಹದ ಗಾತ್ರಕ್ಕೆ ಹೋಲಿಸಿದರೆ ಇಷ್ಟು ದೊಡ್ಡ ದವಡೆ ಇರುವ ಪ್ರಾಣಿಗಳು ವಿರಳ. ಮುಂದೆ ಚಾಚಿರುವ, ಐದನೇ ಜೋಡಿ ಕಾಲಿನಂತಿರುವುದು ಪೆಡಿಪಾಲ್ಪ್. ಅದರ ತುದಿಯಲ್ಲಿ ಅಂಟಿಕೊಳ್ಳುವ ಮೆತ್ತನೆಯ ಅಂಗವಿದೆ, ಅದರಿಂದಾಗಿ ನುಣುಪು ಗಾಜನ್ನೂ ಹತ್ತಬಲ್ಲದು. ಕೊನೆಯ ಜೋಡಿ ಕಾಲಿನ ಒಳಬದಿಯಲ್ಲಿ ಒಂದೊಂದು ಕಾಲಿಗೆ ಐದರಂತೆ ಚಪ್ಪಟೆ ತೊಗಲುಗಳು ತೂಗಾಡುತ್ತಿವೆ. ನೆಲದ ವಾಸನೆ ತಿಳಿಯುವುದು ಇವುಗಳಿಂದ. ಚೇಳು ಬಾಚಣಿಗೆಯಿಂದ ಮಾಡುವ ಕೆಲಸವನ್ನು ಇದು ಹಿಂಗಾಲಿಗೆ ಒಪ್ಪಿಸಿದೆ.

ಕಚ್ಚಿದರೆ ಗಾಯವಾಗಿ ನೋಯುತ್ತದೆ, ಅದನ್ನು ಮರೆಮಾಚುವುದಿಲ್ಲ. ಆದರೆ ವಿಷ ಏರುವ ಮಾತಿಲ್ಲ. ಹಗಲಲ್ಲಿ ನಿಮ್ಮ ಹಿಂದೆ ಓಡಿಬಂದರೆ ಅದು ಹುಡುಕುತ್ತಿರುವುದು ನಿಮ್ಮ ನೆರಳನ್ನು. ಈ ಬಿಸಿಲಿನ ನಾಡಿನಲ್ಲಿ ನೆರಳಿಗಾಗಿ ಓಡುವ ಪ್ರಾಣಿಯನ್ನು ಹೊಡೆದು ಸಾಯಿಸುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲ ಗಣಗಳನ್ನೂ ಇಲ್ಲಿ ತೋರಿಸಲಾಗುವುದಿಲ್ಲ. ಚಾಟಿ ಚೇಳು ಬಾಲದ ಬುಡದಿಂದ ವಿನೆಗರ್ ವಾಸನೆಯ ಆಮ್ಲ ಚಿಮ್ಮಿಸುತ್ತದೆ. ಅದೂ, ಗುಹೆಗಳಲ್ಲಿ ಬದುಕುವ ಚಾಟಿ ಜೇಡವೂ ಆರು ಕಾಲುಗಳ ಮೇಲಷ್ಟೇ ನಡೆಯುತ್ತವೆ. ಮುಂದಿನ ಕಾಲುಜೋಡಿ ಎಳೆಯಂತೆ ಉದ್ದವಾಗಿ ಬೆಳೆದು, ಕೀಟಗಳ ಕುಡಿಮೀಸೆ ಮಾಡುವ ಕೆಲಸವನ್ನು ಮಾಡುತ್ತದೆ. ರಿಸಿನುಲೈ ಎಂಬ ಗಣ ಪಶ್ಚಿಮ ಆಫ್ರಿಕ ಮತ್ತು ಅಮೆರಿಕ ಖಂಡಗಳಲ್ಲಷ್ಟೇ ಇದೆ. ಅದರ ಗಂಡು ವೀರ್ಯವನ್ನು ಸಾಗಿಸುವುದು ಮೂರನೆಯ ಜೋಡಿ ಕಾಲಿನಿಂದ.

ಬದುವಿನ ಜಾಲಿಗಿಡದ ಮೇಲೆ ಬೂದುಬಣ್ಣದ, ಧೂಳು ಮೆತ್ತಿದ ಬಲೆಯ ಮುದ್ದೆ ಕಾಣುತ್ತಿದೆಯಲ್ಲ, ಅದು ಒಂದು ಜೇಡದ ಮನೆಯಲ್ಲ, ಒಂದು ಊರು. ಒಣಪ್ರದೇಶದ ಈ ಸಂಘಜೀವಿ ಜೇಡಗಳು ನೂರಾರು ಒಟ್ಟಿಗೆ ಇರುತ್ತವೆ, ಒಟ್ಟಿಗೆ ಬೇಟೆಯಾಡುತ್ತವೆ. ಮರಿಗಳಿಗೆ ತಾಯಿ ತಾನು ಅರಗಿಸಿಕೊಂಡ ಆಹಾರವನ್ನು ಕಕ್ಕಿ ಕೊಡುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ತಿಂದು ಮುಗಿಸುತ್ತವೆ. ಸತ್ತ ಜೇಡದ ಕಾಲುಗಳು ಒಳಕ್ಕೆ ಮಡಚಿರುವುದನ್ನು ನೀವು ನೋಡಿರುತ್ತೀರಿ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ದೇಹದ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿಯೇ ಅದು ಕಾಲು ಚಾಚುತ್ತದೆ. ಜೀವ ಹೋದ ಕೂಡಲೇ ಒತ್ತಡವೂ ಹೋಗುತ್ತದೆ, ಮಡಚುವ ಸ್ನಾಯುವೇ ಗೆಲ್ಲುತ್ತದೆ.

ಯಾದಗಿರಿ ಜಿಲ್ಲೆಯ ಕಂದಕೂರಿನ ಮಾತನ್ನು ಆಡದೆ ಚೇಳಿನ ವಿಷಯ ಮುಗಿಯುವುದಿಲ್ಲ. ನಾಗರ ಪಂಚಮಿಯ ದಿನ ಅಲ್ಲಿನ ಕೊಂಡಮಾಯಿ ಬೆಟ್ಟಕ್ಕೆ ಜನ ಹತ್ತುತ್ತಾರೆ, ಕಲ್ಲು ಎಬ್ಬಿಸಿ ಚೇಳು ಹಿಡಿಯುತ್ತಾರೆ, ಅಂಗೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಆ ದಿನ ಚೇಳು ಕುಟುಕುವುದಿಲ್ಲ ಎಂಬುದು ಅವರ ನಂಬಿಕೆ. ಚೇಳಿಗೆ ಒಂದು ದಿನವನ್ನೇ ಮೀಸಲಿಟ್ಟ ಆ ಊರಿನ ಮೇಲೆ ನನಗೆ ಪ್ರೀತಿ ಇದೆ. ಆ ಪ್ರೀತಿಯಿಂದಲೇ ಒಂದು ಮಾತು ಹೇಳುತ್ತೇನೆ, ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ನಮ್ಮ ಕಡೆಯ ಚೇಳುಗಳಲ್ಲಿ ಇಕ್ಕಳ ದಪ್ಪವಾಗಿ, ಬಾಲ ತೆಳ್ಳಗೆ ಇರುವ ದೊಡ್ಡ ಕಪ್ಪು ಚೇಳು ಇಕ್ಕಳದ ಬಲವನ್ನೇ ನಂಬಿ ಬದುಕುತ್ತದೆ. ಕುಟುಕಿದರೆ ನೋವು ಜೋರು, ಪ್ರಾಣಾಪಾಯ ಕಡಿಮೆ. ಇಕ್ಕಳ ಸಣಕಲಾಗಿ, ಬಾಲ ದಪ್ಪಗಿರುವ ಕೆಂಚು ಬಣ್ಣದ ಕೆಂಪು ಚೇಳು ಹಾಗಲ್ಲ. ಅದು ಬೇಟೆಯಾಡುವುದು ವಿಷದಿಂದ. ಆ ವಿಷ ದೇಹದ ನರಗಳನ್ನು ಕೆರಳಿಸಿ ಹೃದಯದ ಮೇಲೆ ಬೀಳುತ್ತದೆ. ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಅದರ ಲಕ್ಷಣಗಳು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡದ ಮಾತ್ರೆಯಾದ ಪ್ರಜೋಸಿನ್ ಅನ್ನು ಇದಕ್ಕೆ ಬಳಸಿ ಸಾವುಗಳನ್ನು ಬಹಳವಾಗಿ ತಗ್ಗಿಸಿದರು. ಒಂದು ಸಣ್ಣ ಊರಿನ ವೈದ್ಯರ ಕೆಲಸವನ್ನು ಜಗತ್ತೇ ಒಪ್ಪಿಕೊಂಡಿತು. ಆದ್ದರಿಂದ ಕುಟುಕಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ಹೊಲಕ್ಕೆ ಹೋಗುವವರು ಒಂದು ಯುವಿ, ಅಂದರೆ ಅತಿನೇರಳೆ ಬೆಳಕಿನ ಟಾರ್ಚ್ ಇಟ್ಟುಕೊಳ್ಳಿ. ಅದರ ಬೆಳಕಿಗೆ ಚೇಳಿನ ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ, ನೋಡಿ, ಕಲ್ಲಿನ ಸಂದಿಯಲ್ಲಿದ್ದರೂ ಕಾಣಿಸುತ್ತಿದೆ. ಈಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಹಾಗೆ ಹೊಳೆಯುವುದಿಲ್ಲ.

ಕೊನೆಯ ಭಾಗ ನುಸಿಗಳದು, ನನಗೆ ಹೆಚ್ಚು ಹೇಳಬೇಕಿರುವುದೂ ಇಲ್ಲೇ. ಮಿರಗದ ಮಳೆ ಬಿದ್ದ ಮರುದಿನ ಎರೆಹೊಲದ ಮೇಲೆ ಮಖಮಲ್ಲಿನಂಥ ಕೆಂಪು ಹುಳು ಹರಿದಾಡುತ್ತದೆ. ಮಿರಗದ ಹುಳ ಎಂದು ನಾವು ಕರೆಯುವ ಅದು ಒಂದು ನುಸಿ, ನುಸಿಗಳಲ್ಲೇ ದೈತ್ಯ. ಜೇಡಕ್ಕಿರುವಂತೆ ನಡು ಇಲ್ಲ, ಎದೆ ಹೊಟ್ಟೆ ಬೆಸೆದು ಒಂದೇ ಮೈಯಾಗಿದೆ. ದೊಡ್ಡದಾದ ಮೇಲೆ ಎಂಟು ಕಾಲು, ಮೊಟ್ಟೆಯಿಂದ ಹೊರಬಂದಾಗ ಆರೇ. ಉಣ್ಣೆಯ ಮರಿಗೂ ಆರೇ ಕಾಲು. ಉಣ್ಣೆ ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುವುದು ದನದ ಉಸಿರು, ಶಾಖ, ವಾಸನೆಗಳನ್ನು ಹಿಡಿಯಲು, ಆ ಕಾಲಿನ ತುದಿಯಲ್ಲೇ ಅದರ ಇಂದ್ರಿಯವಿದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವುದು ಇಂಥದೇ ಉಣ್ಣೆ.

ಮತ್ತೆ ಅದೇ ತೊಗರಿ ಹೊಲ. ಸುತ್ತಲಿನ ಗಿಡಗಳು ಹೂ ಬಿಟ್ಟಿವೆ. ನಡುವಿನ ಈ ಗಿಡ ಮಾತ್ರ ಪೊದೆಯಾಗಿ ಹಸಿರಾಗಿದೆ, ಎಲೆ ಸಣ್ಣದು, ಎಲೆಯ ಮೇಲೆ ತಿಳಿ ಹಳದಿ ಚುಕ್ಕೆ, ಹೂವಿಲ್ಲ, ಕಾಯಿಲ್ಲ. ಗೊಡ್ಡು ರೋಗ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಗೆ ದೊಡ್ಡ ಶತ್ರುಗಳಲ್ಲಿ ಇದೊಂದು. ರೋಗ ಮೊದಲು ದಾಖಲಾಗಿದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಕಾರಣ ವೈರಸ್ ಎಂದು ಖಚಿತವಾಗಲು 2000ದ ಸುಮಾರಿನವರೆಗೆ ಕಾಯಬೇಕಾಯಿತು. ಆ ಪತ್ತೆಯಲ್ಲಿ ಹೈದರಾಬಾದ್ ದಾರಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ನುಸಿ.

ಸೂಕ್ಷ್ಮದರ್ಶಕದ ಕೆಳಗೆ ಚಿಗುರೆಲೆಯ ಹಿಂಬದಿಯನ್ನು ಇಟ್ಟಿದ್ದೇನೆ. ರೋಮಗಳ ನಡುವೆ ಬಿಳಿಚಿದ, ಉದ್ದನೆಯ ಒಂದು ಜೀವಿ. ಉದ್ದ ಸುಮಾರು 0.2 ಮಿಲಿಮೀಟರ್. ಕಾಲು ಎಣಿಸಿ: ಎರಡೇ ಜೋಡಿ. ಹಿಂದಿನ ಎರಡು ಜೋಡಿ ಇಲ್ಲವೇ ಇಲ್ಲ. ಕಣ್ಣಿಲ್ಲ, ಉಸಿರಾಟಕ್ಕೆ ಬೇರೆ ಅಂಗವಿಲ್ಲ. ಮೊದಲ ಜೋಡಿ, ಒಂಟೆ ಜೇಡದಲ್ಲಿ ಕತ್ತರಿಯಾಗಿ ಜಿರಳೆ ಅರೆಯುತ್ತಿದ್ದ ಅದೇ ಜೋಡಿ, ಇಲ್ಲಿ ಸೂಜಿಯಾಗಿ ಎಲೆಯ ಕೋಶಕ್ಕೆ ಚುಚ್ಚುತ್ತದೆ. ಆ ಚುಚ್ಚುವಿಕೆಯಿಂದ ಗಿಡಕ್ಕೆ ಕಾಣುವಂಥ ಗಾಯವೇನೂ ಆಗುವುದಿಲ್ಲ, ಒಳಗೆ ಇಳಿಯುವ ವೈರಸ್ಸಿನಿಂದ ಗಿಡವೇ ಗೊಡ್ಡಾಗುತ್ತದೆ.

ಈ ನುಸಿ ಹಾರಲಾರದು, ದೂರ ನಡೆಯಲೂ ಆಗದು, ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ರೋಗ ಬೀಜದಿಂದ ಬರುವುದಿಲ್ಲ. ಹಾಗಾದರೆ ಬೇಸಿಗೆಯಲ್ಲಿ ಅದು ಎಲ್ಲಿರುತ್ತದೆ? ಬದುವಿನಲ್ಲಿ ಉಳಿದು ಮತ್ತೆ ಚಿಗುರಿದ ಹಳೆಯ ತೊಗರಿ ಕೂಳೆಯಲ್ಲಿ. ಬಿತ್ತನೆಗೆ ಮೊದಲು ಆ ಕೂಳೆಯನ್ನು ಬುಡಸಮೇತ ಕಿತ್ತುಹಾಕಬೇಕು. ಬಿತ್ತಿದ ಮೊದಲ ಒಂದೂವರೆ ತಿಂಗಳಲ್ಲಿ ರೋಗ ತಗುಲಿದರೆ ಗಿಡದಿಂದ ಬಹುಪಾಲು ಏನೂ ಸಿಗುವುದಿಲ್ಲ, ಆದ್ದರಿಂದ ಅಂಥ ಗಿಡ ಕಂಡ ದಿನವೇ ಕೀಳಬೇಕು. ಬಿಎಸ್‌ಎಂಆರ್ 736ರಂಥ ರೋಗ ತಡೆಯುವ ತಳಿಗಳೂ ಇವೆ. ಕಾಕಾ ಅವರ ಪಕ್ಕದ ಹೊಲದ ಬದುವಿನಲ್ಲಿ ಹಳೆಯ ಗಿಡಗಳು ಇನ್ನೂ ನಿಂತಿವೆ. ಅವರಿಬ್ಬರೂ ಮಾತಾಡಿಕೊಂಡಿದ್ದಾರೆ, ಮುಂದಿನ ಬಿತ್ತನೆಗೆ ಮುಂಚೆ ಎರಡೂ ಹೊಲದವರು ಸೇರಿ ಕೀಳುತ್ತಾರೆ. ನಿಮ್ಮ ಹೊಲದಲ್ಲಿ ಗೊಡ್ಡು ಬಿದ್ದಿದ್ದರೆ ಯಾವ ತಾಲ್ಲೂಕು, ಯಾವ ತಳಿ ಎಂದು ಬರೆದು ತಿಳಿಸಿ.